ಆರು ಬಸಿ, ಐದು ಕಪ್

ನೆದರ್ಲೆಂಡಿನ ವೂರ್‌ಬರ್ಗ್‌ನಲ್ಲಿರುವ ನಮ್ಮ ಮನೆಯಲ್ಲಿ ಒಡೆಯುವಂಥ ವಸ್ತುಗಳು ಬಹಳ ಕಡಿಮೆ. ತಟ್ಟೆ ಸ್ಟೀಲಿನದು, ಲೋಟ ಸ್ಟೀಲಿನದು, ಹೂವಿಡುವ ಚೊಂಬು ಹಿತ್ತಾಳೆಯದು. ಮನೆಗೆ ಬಂದ ಡಚ್ಚರಿಗೆ ಸ್ಟೀಲ್ ಲೋಟದಲ್ಲೇ ಸುಡುಸುಡುವ ಚಹಾ ಕೊಟ್ಟು, ಅವರು ಬೆರಳು ಸುಟ್ಟುಕೊಂಡೂ ಸೌಜನ್ಯಕ್ಕೆ ನಗುವುದನ್ನು ನೋಡುತ್ತ, ಇದು ನಮ್ಮ ಸಂಸ್ಕೃತಿ ಎಂದು ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಅದು ಶುದ್ಧ ಸುಳ್ಳು. ನನಗೆ ಪಿಂಗಾಣಿ ಎಂದರೆ ಭಯ. ಆಫೀಸಿನಲ್ಲಿ ಕಾಫಿ ಯಂತ್ರದಿಂದ ನನ್ನ ಮೇಜಿನವರೆಗೆ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ನಡೆಯುತ್ತೇನೆ. ಹೊಸದಾಗಿ ಸೇರಿದ ಹುಡುಗನೊಬ್ಬ ಇದು ಯೋಗದ ಯಾವುದಾದರೂ ಭಾಗವೇ ಎಂದು ಕೇಳಿದ. ಹೌದು ಅಂದೆ. ಹುಬ್ಬಳ್ಳಿಯ ಕಥೆಯನ್ನೆಲ್ಲ ಅವನಿಗೆ ಡಚ್ಚಿನಲ್ಲಿ ಹೇಳುವುದಕ್ಕಿಂತ ಅದು ಸುಲಭವಿತ್ತು.

ಹುಬ್ಬಳ್ಳಿಯಲ್ಲಿ ನಾನು ಬೆಳೆದ ಮನೆಯ ಪಡಸಾಲೆಯಲ್ಲಿ ಗೋಡೆಯೊಳಗೇ ಕೂಡಿಸಿದ ಒಂದು ಗಾಜಿನ ಕಪಾಟು ಇತ್ತು. ಅದರಲ್ಲಿ ಆರು ಕಪ್, ಆರು ಬಸಿ. ಕಪ್ಪಿನ ಕೆಳಗಿಡುವ ಪುಟ್ಟ ತಟ್ಟೆಗೆ ನಮ್ಮ ಕಡೆ ಬಸಿ ಅನ್ನುತ್ತಾರೆ. ಬಿಳಿ ಪಿಂಗಾಣಿ, ಅಂಚಿಗೆ ನೀಲಿ ಬಳ್ಳಿ. ಅಜ್ಜ ಯಾವ ಕಾಲದಲ್ಲೋ ಪುಣೆಯಿಂದ ಒಣಹುಲ್ಲಿನಲ್ಲಿ ಸುತ್ತಿಸಿ, ರೈಲಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದದ್ದಂತೆ. ಅವುಗಳಲ್ಲಿ ಮನೆಯವರು ಯಾರೂ ಚಹಾ ಕುಡಿದದ್ದಿಲ್ಲ. ವರ್ಷಕ್ಕೊಮ್ಮೆ, ದಸರೆಯ ಮುಂಚೆ, ಆಯಿ ನೆಲಕ್ಕೆ ಕೌದಿ ಹಾಸಿ, ಮಕ್ಕಳನ್ನೆಲ್ಲ ಹೊರಗೆ ಹಾಕಿ, ಅಗಳಿ ಹಾಕಿಕೊಂಡು ಅವನ್ನು ಒರೆಸುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ಮನೆಯ ಕಾಯ್ದೆ ಕಾನೂನೆಲ್ಲ ಅವಳ ಕೈಯಲ್ಲಿತ್ತು. ಒಂಟಿ ಸೀನು ಬಿದ್ದರೆ ಹೊರಟವರು ಮರಳಿ ಕೂಡಬೇಕು. ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ತೆರೆದಿರಬೇಕು, ಹಿಂಬಾಗಿಲು ಹಾಕಿರಬೇಕು. ಹೊರಟವರನ್ನು ಎಲ್ಲಿಗೆ ಎಂದು ಕೇಳಕೂಡದು. ಅಪ್ಪ ಇದಕ್ಕೆಲ್ಲ ಜಗಳ ತೆಗೆಯುತ್ತಿದ್ದ. ತೆಗೆದು, ಸೀನು ಕೇಳಿದರೆ ಮರಳಿ ಬಂದು ಕೂಡುತ್ತಿದ್ದ. ನಾನು ಇಬ್ಬರ ಮಾತನ್ನೂ ನಂಬಿದೆ. ಶಕುನವೆಲ್ಲ ಮೂಢನಂಬಿಕೆ ಎಂಬುದೂ ಗೊತ್ತು, ಅವು ತಪ್ಪದೆ ನಿಜವಾಗುತ್ತವೆ ಎಂಬುದೂ ಗೊತ್ತು. ಈ ಎರಡನ್ನೂ ಒಟ್ಟಿಗೆ ಹೊತ್ತುಕೊಂಡವರಿಗೆ ಜೀವನದಲ್ಲಿ ಬಿಡುವೇ ಇರುವುದಿಲ್ಲ.

ನನಗೆ ಒಂಬತ್ತು ವರ್ಷವಾಗಿದ್ದಾಗ ಕುಸುಮತ್ತೆಯನ್ನು ನೋಡಲು ಗಂಡಿನ ಕಡೆಯವರು ಬಂದರು. ಕುಸುಮತ್ತೆ ಅಪ್ಪನ ತಂಗಿ, ಆಗಷ್ಟೇ ಟಪಾಲು ಕಚೇರಿಯಲ್ಲಿ ನೌಕರಿಗೆ ಸೇರಿದ್ದಳು. ಉಪ್ಪಿಟ್ಟು, ಶಿರಾ, ಅವಲಕ್ಕಿ ಆಯಿತು, ಕಪಾಟು ತೆರೆಯಿತು. ಕಪ್ಪುಗಳನ್ನು ಒಂದೊಂದಾಗಿ ಅಡುಗೆಮನೆಗೆ ಒಯ್ದು ಕೊಡುವ ಕೆಲಸ ನನ್ನದು. ಐದನ್ನು ಒಯ್ದೆ. ಆರನೆಯದನ್ನು ಒಯ್ಯುವಾಗ ನನ್ನ ಧೈರ್ಯ ಹೆಚ್ಚಾಗಿ, ಒಂದೇ ಕೈಯಲ್ಲಿ ಅದರ ಕಿವಿ ಹಿಡಿದು ತೂಗುತ್ತ ಹೋದೆ. ಅಡುಗೆಮನೆಯ ಹೊಸ್ತಿಲಲ್ಲಿ ಅದು ಕಲ್ಲುಹಾಸಿನ ಮೇಲೆ ಬಿತ್ತು. ಆ ಸಪ್ಪಳಕ್ಕೆ ಪಡಸಾಲೆಯ ಮಾತೆಲ್ಲ ನಿಂತುಹೋಯಿತು. ಕುಸುಮತ್ತೆ ನನ್ನನ್ನು ಒಮ್ಮೆ ನೋಡಿ, ತಾನೇ ಹೊರಗೆ ಹೋಗಿ, ನನ್ನ ಕೈಯಿಂದ ಬಿತ್ತು ಎಂದು ಎಲ್ಲರ ಮುಂದೆ ಹೇಳಿದಳು. ನಾನು ಚೂರುಗಳನ್ನು ಲಂಗದಲ್ಲಿ ತುಂಬಿಕೊಂಡು ಬಚ್ಚಲ ಒಲೆಯ ಬೂದಿಯಲ್ಲಿ ಹೂತುಬಂದೆ. ವಾರ ಕಳೆದ ಮೇಲೆ ಆ ಸಂಬಂಧ ಕೂಡಿಬರಲಿಲ್ಲ ಎಂದು ಅಪ್ಪ ಆಯಿಗೆ ಹೇಳುತ್ತಿದ್ದುದು ನನ್ನ ಕಿವಿಗೂ ಬಿತ್ತು. ಹೆಣ್ಣು ನೋಡುವ ದಿನ ಕಪ್ ಒಡೆದರೆ ಇನ್ನೇನಾಗುತ್ತದೆ ಎಂದು ಆಯಿ ಅಂದಳು. ಅಷ್ಟಕ್ಕೇ ಬಿಡಲಿಲ್ಲ, ಒಂಟಿಯಾದ ಆ ಆರನೆಯ ಬಸಿಯನ್ನು ಕಪಾಟಿನಲ್ಲಿ ಎಲ್ಲರಿಗೂ ಕಾಣುವಂತೆ ನಿಲ್ಲಿಸಿದಳು. ಬಂದವರೆಲ್ಲ ಇದರ ಕಪ್ ಎಲ್ಲಿ ಎಂದು ಕೇಳುತ್ತಿದ್ದರು. ಆಯಿ ಕಥೆ ಹೇಳುತ್ತಿದ್ದಳು. ಕುಸುಮತ್ತೆ ಮುಂದೆ ಮದುವೆಯಾಗಲೇ ಇಲ್ಲ. ನಾನು ದಿನಾ ಆ ಬಸಿಯ ಮುಂದಿನಿಂದಲೇ ಶಾಲೆಗೆ ಹೋಗಿಬಂದೆ. ನಾನು ಗ್ಯಾಸ್ ಒಲೆ ಆರಿದೆಯೇ ಎಂದು ಮೂರು ಸಲ ನೋಡುವುದು, ರೈಲಿಗೆ ಮುಕ್ಕಾಲು ಗಂಟೆ ಮೊದಲೇ ಹೋಗುವುದು, ಮಗಳು ಫೋನ್ ಎತ್ತದಿದ್ದರೆ ಅವಳ ಗೆಳತಿಯರಿಗೆಲ್ಲ ಫೋನ್ ಮಾಡುವುದು, ಎಲ್ಲಕ್ಕೂ ಅಡಿಪಾಯ ಬಿದ್ದದ್ದು ಆ ಕಪಾಟಿನ ಮುಂದೆ. ಅತ್ತೆಯ ಹತ್ತಿರ ಮಾತ್ರ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ತಪ್ಪಾಯಿತು ಎನ್ನಲು ನಲವತ್ತು ವರ್ಷ ಸಿಕ್ಕಿತ್ತು. ಪ್ರತಿ ವರ್ಷವೂ ಮುಂದಿನ ವರ್ಷ ಹೇಳೋಣ ಅನ್ನಿಸಿತು.

ಹೀಗಿರುವಾಗ ನಮ್ಮ ಮಗಳು ಇಂಚರಾ ಮಾಸ್ಟ್ರಿಕ್ಟಿಗೆ ಓದಲು ಹೋಗಿ, ಓದು ಮುಗಿಸಿ, ಯೋನಾಸ್ ಎಂಬ ಜರ್ಮನ್ ಹುಡುಗನನ್ನು ಕರೆದುಕೊಂಡು ಬಂದಳು. ಅವನ ಊರು ಗಡಿ ದಾಟಿದ ಕೂಡಲೇ ಸಿಗುವ ಆಖೆನ್. ಹುಡುಗ ಒಳ್ಳೆಯವನೋ ಅಲ್ಲವೋ ಎಂದು ಚಿಂತಿಸಲು ನನಗೆ ಪುರುಸೊತ್ತೇ ಆಗಲಿಲ್ಲ, ಅವನ ತಾಯಿತಂದೆ ನಮ್ಮ ಮನೆಗೆ ಬರುವ ದಿನ ಗೊತ್ತಾಯಿತು. ಮೂರು ಗಂಟೆಗೆ ಎಂದಿದ್ದರು. ಎರಡೂ ಮುಕ್ಕಾಲಿಗೆ ನಾನು ಪರದೆ ಸರಿಸಿ ನೋಡಿದರೆ ಅವರ ಕಾರು ಆಗಲೇ ಎದುರು ರಸ್ತೆಯಲ್ಲಿ ನಿಂತಿದೆ, ಇಬ್ಬರೂ ಒಳಗೆ ನೆಟ್ಟಗೆ ಕುಳಿತು ಮುಂದೆ ನೋಡುತ್ತಿದ್ದಾರೆ. ಜಗಳವಾಡಿದ್ದಾರೆ ಅಂದುಕೊಂಡೆ. ಆಮೇಲೆ ಯಾರಿಗೋ ಮೈ ಸರಿಯಿಲ್ಲ ಅಂದುಕೊಂಡೆ. ನನ್ನ ಗಂಡ ಪ್ರಕಾಶರ ಕೈಯಲ್ಲಿ ನೀರಿನ ಬಾಟಲಿ ಕೊಟ್ಟು ಓಡಿಸಿದೆ. ಅವರು ಹೋದ ಹಾಗೆಯೇ ವಾಪಸು ಬಂದರು.

"ಇನ್ನೂ ಮೂರು ಗಂಟೆ ಆಗಿಲ್ಲವಂತೆ ಕಣೇ. ಆದಮೇಲೆ ಬರ್ತಾರಂತೆ."

ಮೂರಕ್ಕೆ ಸರಿಯಾಗಿ ಬಾಗಿಲ ಗಂಟೆ ಬಾರಿಸಿದರು. ತಾಯಿ ಹೈಕೆ ಎತ್ತರದ, ಬಿಳಿಗೂದಲಿನ ಹೆಂಗಸು. ಕೈಯಲ್ಲಿ ತಾನೇ ಮಾಡಿದ ಪ್ಲಮ್ ಕೇಕು, ಚೀಲದಲ್ಲಿ ತನ್ನದೂ ಗಂಡನದೂ ಮನೆಯೊಳಗೆ ಹಾಕಿಕೊಳ್ಳುವ ಚಪ್ಪಲಿ. ಬೂಟು ಕಳಚಿ, ಅವನ್ನು ಹಾಕಿಕೊಂಡು, ನಮ್ಮ ಮನೆಯಲ್ಲಿ ನಮಗಿಂತ ನಿಶ್ಚಿಂತೆಯಾಗಿ ಓಡಾಡಿದರು. ಆಮೇಲೆ ಹೈಕೆ ಮೂಗೆತ್ತಿ ಗಾಳಿ ಪರೀಕ್ಷಿಸಿ, ಸ್ವಲ್ಪ ಕಿಟಕಿ ತೆಗೆಯಲೇ ಎಂದು ಕೇಳಿದಳು. ಜನವರಿ ತಿಂಗಳು. ಸ್ವಲ್ಪವೆಂದರೆ ಅಷ್ಟೂ ಕಿಟಕಿ, ಅಷ್ಟೂ ಅಗಲ, ಗಡಿಯಾರ ನೋಡಿಕೊಂಡು ಐದು ನಿಮಿಷ. ನಾನು, ಪ್ರಕಾಶ್ ಶಾಲು ಹೊದ್ದು ಸೋಫಾದಲ್ಲಿ ಒತ್ತಿಕೊಂಡು ಕೂತೆವು. ನನ್ನ ಇಂಗಿನ ಒಗ್ಗರಣೆಗೆ ಇದು ಅವಳ ತೀರ್ಪು ಎಂದು ಎರಡು ದಿನ ನನಗೆ ಊಟ ಸೇರಲಿಲ್ಲ. ಮುಂದಿನ ತಿಂಗಳು ನಾವು ಆಖೆನ್‌ಗೆ ಹೋದಾಗ, ಸೋಪಿನ ವಾಸನೆಯ ಹೊರತು ಬೇರೇನೂ ಇಲ್ಲದ ತನ್ನ ಮನೆಯ ಕಿಟಕಿಗಳನ್ನೂ ಅವಳು ಹಾಗೇ ತೆಗೆದು ಗಡಿಯಾರ ನೋಡುತ್ತ ನಿಂತಳು. ದಿನಕ್ಕೆ ಎರಡು ಸಲವಂತೆ. ಆಯಿಯ ಮುಂಬಾಗಿಲು ನೆನಪಾಯಿತು. ಆದರೆ ಇವರಲ್ಲಿ ಒಳಗೆ ಬರಬೇಕಾದದ್ದು ಲಕ್ಷ್ಮಿಯಲ್ಲ, ಆಮ್ಲಜನಕ.

ಅವತ್ತು ಸಂಜೆ ಊಟಕ್ಕೆ ಕರೆದರು. ಪ್ರತಿಯೊಬ್ಬರ ಮುಂದೆ ಒಂದು ಪುಟ್ಟ ಮರದ ಹಲಗೆ, ನಡುವೆ ಕಪ್ಪು ಬ್ರೆಡ್ಡು, ಚೀಸು, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ. ಬಿಸಿ ಅಡುಗೆ ಹಿಂದೆ ಬರುತ್ತದೆಂದು ನಾನು ಮರ್ಯಾದೆಗೆ ಒಂದೇ ಒಂದು ಚೂರು ತಿಂದು ಹೊಟ್ಟೆಯಲ್ಲಿ ಜಾಗ ಉಳಿಸಿಕೊಂಡು ಕೂತೆ. ಹೈಕೆ ಹಲಗೆಗಳನ್ನು ಒರೆಸಿ ಎತ್ತಿಟ್ಟಳು. ಅದೇ ಊಟ. ಬರುವಾಗ ಕಾರಿನಲ್ಲಿ ಪ್ರಕಾಶ್ ಒಂದರ ಹಿಂದೊಂದು ಮೂರು ಬಾಳೆಹಣ್ಣು ತಿಂದರು. ಎಂಥ ಶಿಸ್ತಿನ ಜನ ನೋಡು ಎಂದು ಪ್ರತಿ ಹಣ್ಣಿನ ನಡುವೆಯೂ ಹೇಳಿದರು. ನನಗೂ ಹಾಗೇ ಅನ್ನಿಸಿತ್ತು: ಎಲ್ಲವನ್ನೂ ಅಳತೆ ಹಿಡಿದು ಮಾಡುವ, ಶಕುನ ಗಿಕುನದ ಗೊಡವೆಯಿಲ್ಲದ ಜನ. ಹೈಕೆಯ ಹುಟ್ಟುಹಬ್ಬದವರೆಗೂ ಅದನ್ನೇ ನಂಬಿದ್ದೆ. ಮರೆತುಬಿಟ್ಟೇನೆಂಬ ಭಯದಲ್ಲಿ ನಾನು ಎರಡು ದಿನ ಮೊದಲೇ ಫೋನ್ ಮಾಡಿ ಶುಭಾಶಯ ಹೇಳಿದೆ.  ಆ ಕಡೆಯಿಂದ ಮರದ ಮೇಲೆ ಟಕ್ ಟಕ್ ಟಕ್ ಎಂದು ಮೂರು ಸಲ ಬಡಿದ ಶಬ್ದ. ದಿನ ಬರುವ ಮುಂಚೆ ಹಾಗೆಲ್ಲ ಹೇಳಬಾರದು, ಕೆಡುಕಾಗುತ್ತದೆ ಎಂದು ಅವಳು ತಗ್ಗಿದ ದನಿಯಲ್ಲಿ ಅಂದಳು. ನನಗೆ ಅವಳ ಮೇಲೆ ನಿಜವಾದ ಪ್ರೀತಿ ಹುಟ್ಟಿದ್ದು ಆ ಗಳಿಗೆಯಲ್ಲಿ. ನಮ್ಮ ಆಯಿ ಆಖೆನ್‌ನಲ್ಲಿ ಹುಟ್ಟಿದ್ದರೆ ಹೀಗೇ ಇರುತ್ತಿದ್ದಳು.

ಆ ಪ್ರೀತಿಗೆ ಬೆಲೆ ತೆರಬೇಕಾಗಿ ಬಂತು. ಮದುವೆಯ ದಿನ ಗೊತ್ತಾದ ಮೇಲೆ ಹೈಕೆ, ಹಿಂದಿನ ದಿನ ಪೋಲ್ಟರಾಬೆಂಡ್ ನಿಮ್ಮ ಮನೆ ಮುಂದೆಯೇ ಆಗಬೇಕಲ್ಲ, ಹುಡುಗಿಯ ಮನೆ ಅದು ತಾನೇ ಎಂದಳು. ಅದೇನು ಎಂದು ಕೇಳಿದೆ. ಬಂಧುಬಳಗದವರು ಹಳೆಯ ಪಿಂಗಾಣಿ ಪಾತ್ರೆ, ಹೂಕುಂಡ, ಹಂಚು ಎಲ್ಲ ಹೊತ್ತು ತಂದು ಹುಡುಗಿಯ ಮನೆಯ ಬಾಗಿಲಲ್ಲಿ ನೆಲಕ್ಕೆ ಎತ್ತಿ ಹಾಕಿ ಒಡೆಯುವುದಂತೆ. ಚೂರು ಹೆಚ್ಚಾದಷ್ಟೂ ಶುಭವಂತೆ. ಗಾಜು ಮಾತ್ರ ಒಡೆಯಕೂಡದು, ಅದು ಅಪಶಕುನವಂತೆ. ಕೊನೆಗೆ ಹುಡುಗ ಹುಡುಗಿ ಇಬ್ಬರೇ ಪೊರಕೆ ಹಿಡಿದು ಅದನ್ನೆಲ್ಲ ಗುಡಿಸಬೇಕಂತೆ. ನಾನು ಫೋನ್ ಕೆಳಗಿಟ್ಟು ಕುರ್ಚಿ ಹುಡುಕಿದೆ. ನಾಳೆ ಮದುವೆ ಎಂದರೆ ಇವತ್ತು ಬಾಗಿಲಲ್ಲಿ ಒಡಕು ಪಾತ್ರೆ. ಅದೂ ಸಾಲದ್ದಕ್ಕೆ, ಆ ಮದುವೆಗೆಂದೇ ಹುಬ್ಬಳ್ಳಿಯಿಂದ ಕುಸುಮತ್ತೆ ಬರುವವಳಿದ್ದಳು. ಯಾರ ಮದುವೆಯನ್ನು ನಾನು ಒಂದು ಕಪ್ಪಿನಿಂದ ಕೆಡಿಸಿದ್ದೆನೋ ಅವಳನ್ನೇ ಕುರ್ಚಿ ಹಾಕಿ ಕೂಡಿಸಿ, ಅವಳೆದುರು ನೂರು ಕಪ್ ಒಡೆದು ಶುಭ ಎನ್ನಬೇಕು.

ಒಂದೇ ಒಂದು ತಟ್ಟೆ ಒಡೆದು ಶಾಸ್ತ್ರ ಮುಗಿಸಬಹುದೇ ಎಂದು ಹೈಕೆಯನ್ನು ಕೇಳಿದೆ. ಆಗದು ಎಂದಳು. ಇಂಚರಾಳನ್ನು ಕೇಳಿದೆ. "ಅಮ್ಮಾ, ಇಟ್ಸ್ ಜಸ್ಟ್ ಪ್ಲೇಟ್ಸ್" ಎಂದಳು. ಕೊನೆಗೆ ನಾನೇ ಒಂದು ಯೋಜನೆ ಮಾಡಿದೆ: ಆ ಹೊತ್ತಿಗೆ ಪ್ರಕಾಶ್ ಅತ್ತೆಯನ್ನು ಟ್ರಾಮಿನಲ್ಲಿ ಹೇಗ್‌ನ ಸಮುದ್ರ ದಂಡೆಗೆ ಕರೆದುಕೊಂಡು ಹೋಗುವುದು, ಅಲ್ಲಿ ಮೆಲ್ಲಗೆ ಐಸ್‌ಕ್ರೀಮ್ ತಿನ್ನುವುದು, ಇಲ್ಲಿ ಎಲ್ಲ ಗುಡಿಸಿ ಆದಮೇಲೆ ಬರುವುದು. ಬೀದಿಯ ಮನೆಗಳಿಗೆಲ್ಲ ಸದ್ದಾಗುವುದಕ್ಕೆ ಕ್ಷಮೆ ಕೇಳಿ ಚೀಟಿ ಹಾಕಿದೆ. ಪೌರಾಡಳಿತದ ಕಚೇರಿ, ಅಂದರೆ ಹೆಮೆಂಟೆ, ದಂಡ ಹಾಕಬಹುದೆಂದು ಕಸ ತುಂಬುವ ದೊಡ್ಡ ತೊಟ್ಟಿಯನ್ನೂ ಬಾಡಿಗೆಗೆ ತರಿಸಿದೆ. ಎಲ್ಲ ಸಿದ್ಧವಾದ ಮೇಲೆ, ಏನೋ ಮರೆತಿದ್ದೇನೆ ಎಂದು ಚಿಂತೆ ಶುರುವಾಯಿತು.

ಕುಸುಮತ್ತೆ ವಾರ ಮೊದಲೇ ಬಂದಳು. ಟಪಾಲು ಕಚೇರಿಯಿಂದ ನಿವೃತ್ತಳಾಗಿ ಕೆಲವು ವರ್ಷಗಳಾಗಿವೆ. ನೆಟ್ಟಗಿನ ಬೆನ್ನು, ದೊಡ್ಡ ಅಂಕಿಗಳ ಕೈಗಡಿಯಾರ. ಹೈಕೆ ದಂಪತಿ ಅವಳನ್ನು ಮಾತಾಡಿಸಲು ಬಂದು, ಎಂದಿನಂತೆ ಕಾರಿನಲ್ಲಿ ಕಾಲು ಗಂಟೆ ಕಾಯುತ್ತ ಕೂತದ್ದನ್ನು ಕಿಟಕಿಯಿಂದ ನೋಡಿ, ಟಪಾಲಿನ ಮಂದಿ ಇದ್ದಂಗ ಅದಾರ ಎಂದು ಮೆಚ್ಚಿಕೊಂಡಳು. ಅತ್ತೆಗೂ ಹೈಕೆಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು, ಆದರೂ ಅರ್ಧ ದಿನ ಅಡುಗೆಮನೆಯಲ್ಲಿ ಕೂತು ಮಾತಾಡಿದರು. ಪೋಲ್ಟರಾಬೆಂಡ್ ಸುದ್ದಿ ಮಾತ್ರ ನಾನು ಎತ್ತಲಿಲ್ಲ. ಆ ದಿನ ನಾಲ್ಕೂವರೆಗೆ, ನಡುಹಗಲಿನಂಥ ಬಿಸಿಲಿನಲ್ಲಿ, ಪ್ರಕಾಶ್ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತು ಅತ್ತೆಯನ್ನು ಸಮುದ್ರಕ್ಕೆ ಕರೆದರು. ಅತ್ತೆ ಇಳಕಲ್ ಸೀರೆ ಉಟ್ಟು, ಕುರ್ಚಿಯೊಂದನ್ನು ತಾನೇ ಎಳೆದುಕೊಂಡು ಮುಂಬಾಗಿಲಲ್ಲಿ ಕೂತಿದ್ದಳು.

"ಸಮುದ್ರ ಎಲ್ಲಿ ಹೊಕ್ಕೈತಿ, ಪ್ರಕಾಶಪ್ಪ? ನಾಳಿಗೂ ಅಲ್ಲೇ ಇರತೈತಿ. ನಾ ಇದನ್ನ ನೋಡಾಕ ಬಂದೀನಿ."

ಪ್ರಕಾಶ್ ನನ್ನ ಮುಖ ನೋಡಿದರು. ನಾನು ಇಂಚರಾಳ ಮುಖ ನೋಡಿದೆ. ಅವಳು ಅತ್ತೆಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿ ತಿಂಗಳಾಗಿತ್ತಂತೆ.

ಐದಕ್ಕೆ ಸರಿಯಾಗಿ ಜರ್ಮನರು ಬಂದರು. ಯೋನಾಸನ ಸೋದರಮಾವ ಕಾರಿನ ಹಿಂದೆ ಗಾಡಿ ಕಟ್ಟಿಕೊಂಡು ಬಂದಿದ್ದ. ಅದರಲ್ಲಿ ಒಂದು ಒಡಕು ವಾಶ್‌ಬೇಸಿನ್ನು, ಅದರ ಪಕ್ಕದಲ್ಲಿ, ನಮ್ಮ ಮುಂಬಾಗಿಲಿನ ರಂಗೋಲಿಗೆ ನೇರ ಮುಖ ಮಾಡಿ, ಒಂದು ಕಮೋಡು. ತೊಳೆದದ್ದೇ ಎಂದು ಹೈಕೆ ನನಗೆ ಭರವಸೆ ಕೊಟ್ಟಳು. ನಮ್ಮ ಕಡೆಯಿಂದ ಮೊದಲು ಬಂದವಳು ನನ್ನ ಗೆಳತಿ ಶಾಹೀನ್, ದಾವಣಗೆರೆಯವಳು. ಶುಭ ಕಾರ್ಯಕ್ಕೆ ಹಳೆಯದನ್ನು ಕೊಡಲು ಮನಸ್ಸು ಬಾರದೆ, ಊರಿನಿಂದ ತಂದಿಟ್ಟಿದ್ದ ಹೊಚ್ಚ ಹೊಸ ಬಿಳಿ ಡಿನ್ನರ್ ಸೆಟ್ಟನ್ನೇ ಹೊತ್ತು ತಂದಿದ್ದಳು. ಮೊದಲ ತಟ್ಟೆಯನ್ನು ಬಿಸ್ಮಿಲ್ಲಾ ಎಂದು ಎಸೆದಳು. ತಟ್ಟೆ ಇಟ್ಟಿಗೆ ಹಾಸಿನ ಮೇಲೆ ಮೂರು ಸಲ ಪುಟಿದು, ಉರುಳುತ್ತ ಹೋಗಿ, ಪಕ್ಕದ ಮನೆಯ ಸೈಕಲ್ಲಿಗೆ ಒರಗಿ ನಿಂತಿತು. ಎರಡನೆಯದೂ ಹಾಗೇ. ಶಾಹೀನ್ ನನ್ನ ಕಡೆ ತಿರುಗಿದಳು.

"ಬೀಳಿಸಿದ್ರೂ ಒಡಿಯಲ್ಲ ಅಂತ ಅಂಗಡಿಯವನು ಹೇಳಿದ್ದ ಕಣೇ. ನಾನು ನಂಬಿರಲಿಲ್ಲ."

ಹೈಕೆ ಒಂದು ತಟ್ಟೆಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ, ಇದು ಪಿಂಗಾಣಿಯಲ್ಲ, ಗಾಜಿನ ಜಾತಿ, ಒಡೆಯದಿದ್ದುದೇ ಪುಣ್ಯ ಎಂದು ಎಲ್ಲವನ್ನೂ ಜೋಪಾನವಾಗಿ ಒಳಗಿಟ್ಟು ಬಂದಳು. ಆಮೇಲೆ ನಿಜವಾದ ಕೆಲಸ ಶುರುವಾಯಿತು. ಬಸಿ, ಬೋಗುಣಿ, ಕಿವಿ ಮುರಿದ ಕೆಟಲು, ಹೂಕುಂಡ. ಅವರು ಅದನ್ನೂ ಸಾಲಾಗಿ ನಿಂತು, ಒಬ್ಬರಾದ ಮೇಲೆ ಒಬ್ಬರು ಒಡೆದರು. ಪ್ರತಿ ಸಪ್ಪಳಕ್ಕೂ ನನ್ನ ಹೊಟ್ಟೆಯೊಳಗೆ ಒಂಬತ್ತು ವರ್ಷದ ಹುಡುಗಿ ಲಂಗ ಎತ್ತಿಕೊಂಡು ಬಚ್ಚಲ ಕಡೆ ಓಡುತ್ತಿದ್ದಳು. ಅತ್ತೆಯ ಮುಖ ನೋಡಲು ಧೈರ್ಯವಾಗದೆ ಅವಳ ಕುರ್ಚಿಯ ಹಿಂದೆ ನಿಂತಿದ್ದೆ. ಕೊನೆಗೆ, ಈಗ ಹೇಳದಿದ್ದರೆ ಇನ್ನು ಹೇಳುವುದೇ ಇಲ್ಲ ಎನ್ನಿಸಿ, ಅವಳ ಕಿವಿಯ ಹತ್ತಿರ ಬಗ್ಗಿದೆ. ನಾನು ಬಾಯಿ ತೆರೆದಾಗ ಸೋದರಮಾವ ವಾಶ್‌ಬೇಸಿನ್ನು ಎತ್ತಿ ಹಾಕಿದ. ಏನಂದಿ ಎಂದಳು ಅತ್ತೆ. ಮತ್ತೆ ಹೇಳಿದೆ, ಕಮೋಡು ಬಿತ್ತು. ಮೂರನೆಯ ಸಲ ನಾನು ಕೂಗಿಯೇ ಹೇಳಿದೆ. ಅಷ್ಟರಲ್ಲಿ ಸಾಲು ಮುಗಿದು ಎಲ್ಲ ಸುಮ್ಮನಾಗಿದ್ದರು.

"ಅತ್ತಿ, ಆ ಕಪ್ ಒಡದಾಕಿ ನಾ. ನನ್ನಿಂದ ನಿನ್ನ ಮದುವಿ ತಪ್ಪಿತು. ತಪ್ಪಾತು."

ಕನ್ನಡ ಬರುವವರೆಲ್ಲ ತಿರುಗಿ ನೋಡಿದರು. ಅತ್ತೆಯೂ ತಿರುಗಿದಳು, ಮೆಲ್ಲಗೆ, ಕಚೇರಿಯಲ್ಲಿ ತಪ್ಪು ವಿಳಾಸದ ಕಾಗದ ಕೈಗೆ ಬಂದವರ ಹಾಗೆ.

"ನೀ ಒಡದದ್ದು ನನಗ ಗೊತ್ತಿಲ್ಲೇನ? ನಾ ಅಲ್ಲೇ ನಿಂತಿದ್ದೆ. ಮದುವಿ ತಪ್ಪಿತು ಅಂತ ಯಾರ ಹೇಳ್ಯಾರ ನಿನಗ?"

"ಅವರು ಒಲ್ಲೆ ಅಂದರಲ್ಲ?"

"ಅವರು ಹೂಂ ಅಂದಿದ್ದರು. ಒಲ್ಲೆ ಅಂದಾಕಿ ನಾ. ಆ ಕಪ್ ಬಿದ್ದ ಸಪ್ಪಳಕ್ಕ ಪಡಸಾಲ್ಯಾಗಿನ ಮಂದೆಲ್ಲಾ ಅಡಗಿಮನಿ ಕಡೆ ನೋಡಿದರು. ಅವರವ್ವ ಅಂತೂ ಯಾರಿಗೆ ಬಡೀತೋ ಅಂತ ಎದ್ದ ನಿಂತಳು. ಅಂವಾ ಒಬ್ಬಾಂವ ನಿಮ್ಮಜ್ಜನ ಕಪಾಟಿನ ಗಾಜಿನಾಗ ಮಾರಿ ನೋಡ್ಕೋತ ಬೈತಲಿ ತಿದ್ದಾಕತ್ತಿದ್ದ. ನಾ ಹೊರಗ ಬಂದು ನನ್ನ ಕೈಯಿಂದ ಬಿತ್ತು ಅಂದೆ. ಆಗರೆ ನೋಡ್ತಾನ ಅಂತ. ನೋಡಲಿಲ್ಲ. ಅವತ್ತ ರಾತ್ರಿ ನಿಮ್ಮಪ್ಪಗ ಹೇಳಿದೆ, ಇಂವಾ ಬ್ಯಾಡ ಅಂತ."

"ಮತ್ತ ಆಯಿ?"

"ಆಯಿಗೆ ಹೇಳಾಕ ಒಂದು ಕಾರಣ ಬೇಕಿತ್ತು. ನೀ ಆಗಲೇ ಒಡದ ಕೊಟ್ಟಿದ್ದಿ. ಆಮ್ಯಾಲ ಒಂದೆರಡು ಮಂದಿ ಬಂದರು, ಅವರಿಗೂ ಆಯಿನ ಆ ಬಸಿ ತೋರಿಸಿ ಕಥಿ ಹೇಳಿ ಕಳಿಸಿದಳು. ನನ್ನ ಕೆಲಸ ಹಗುರಾತು."

ನಲವತ್ತು ವರ್ಷದ ಚಿಂತೆ ಹೀಗೆ ಒಂದು ಉಸಿರಿನಲ್ಲಿ ಕೈಬಿಟ್ಟು ಹೋದಾಗ ಮನುಷ್ಯರಿಗೆ ಸಮಾಧಾನವಾಗುತ್ತದೆ ಎಂದು ಕೇಳಿದ್ದೆ. ನನಗೆ ಬಂದದ್ದು ಸಿಟ್ಟು. ಮೂರು ಸಲ ಗ್ಯಾಸ್ ನೋಡಿದ್ದು, ಸ್ಟೀಲ್ ಲೋಟದಲ್ಲಿ ಅಷ್ಟು ಡಚ್ಚರ ಬೆರಳು ಸುಟ್ಟದ್ದು, ಎಲ್ಲ ಯಾರದೋ ಬೈತಲೆಯ ಸಲುವಾಗಿ. ನನಗಾದರೂ ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ. ನೀ ಕೇಳಿದ್ದರ ಹೇಳತಿದ್ದೆ ಎಂದಳು. ಅಷ್ಟು ಹೇಳಿ ಅವಳು ಮತ್ತೆ ಚೂರುಗಳ ಗುಡ್ಡೆಯ ಕಡೆ ತಿರುಗಿದಳು. ಆಗ ನನಗೆ ತಿಳಿಯಿತು, ಅವಳು ಅಷ್ಟು ಹೊತ್ತೂ ನೋಡುತ್ತಿದ್ದುದು ಪಾತ್ರೆಗಳನ್ನಲ್ಲ, ಯೋನಾಸನನ್ನು. ವಾಶ್‌ಬೇಸಿನ್ನು ಬಿದ್ದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ಅವನು ಇಂಚರಾಳ ಕಾಲು ನೋಡಿದ್ದನಂತೆ. ಅವಳು ಬೆರಳು ಕಾಣುವ ಚಪ್ಪಲಿ ಹಾಕಿದ್ದಳು. ಅವನು ಒಳಗೆ ಹೋಗಿ ನನ್ನ ಮಳೆಗಾಲದ ಬೂಟು ಹುಡುಕಿ ತಂದು, ಈಗ ಮಂಡಿಯೂರಿ ಅವಳಿಗೆ ತೊಡಿಸುತ್ತಿದ್ದ.

"ಹುಡುಗ ಅಡ್ಡಿಯಿಲ್ಲ" ಎಂದು ಅತ್ತೆ ತೀರ್ಮಾನ ಕೊಟ್ಟಳು. ಆಮೇಲೆ ಕುರ್ಚಿಯ ಕೆಳಗಿನ ಚೀಲದಿಂದ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಒಂದು ಗಂಟು ತೆಗೆದು ನನ್ನ ಕೈಗಿಟ್ಟಳು. ಬಿಚ್ಚಿದರೆ ಬಿಳಿ ಪಿಂಗಾಣಿ, ಅಂಚಿಗೆ ನೀಲಿ ಬಳ್ಳಿ. ಆರನೆಯ ಬಸಿ. ಹಳೆಯದು ಏನಾದರೂ ತರಬೇಕೆಂದು ಇಂಚರಾ ಹೇಳಿದ್ದಳಂತೆ. ಹುಬ್ಬಳ್ಳಿಯಿಂದ ಇಲ್ಲಿಯವರೆಗೂ ಅಜ್ಜನ ಹಾಗೆಯೇ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಾಳೆ.

"ಒಗಿ" ಎಂದಳು.

ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ಜರ್ಮನರು ಶಿಸ್ತಿನಿಂದ ದಾರಿ ಬಿಟ್ಟರು. ಶಾಹೀನ್ ತನಗಾದ ಗತಿ ನನಗಾಗದಿರಲಿ ಎಂಬಂತೆ ನೋಡುತ್ತಿದ್ದಳು. ಕಣ್ಣು ಮುಚ್ಚಿ ಎಸೆದೆ. ಪುಟಿಯಲಿಲ್ಲ. ಕಣ್ಣು ಬಿಡುವ ಮೊದಲೇ ನಾನು ಕುಕ್ಕರಗಾಲಿನಲ್ಲಿ ಕೂತು ಚೂರುಗಳನ್ನು ಸೆರಗಿಗೆ ತುಂಬಿಕೊಳ್ಳಲು ಶುರು ಮಾಡಿದ್ದೆ. ಹೈಕೆ ಬಂದು ನನ್ನ ಮಣಿಕಟ್ಟು ಹಿಡಿದು ಎಬ್ಬಿಸಿದಳು. ಅದು ಮಕ್ಕಳ ಕೆಲಸ, ನೀನು ಮುಟ್ಟಬಾರದು ಎಂದಳು. ಇಂಚರಾ ಪೊರಕೆ ಹಿಡಿದಳು, ಯೋನಾಸ್ ಮೊರ ಹಿಡಿದ. ಯಾವ ಕಡೆಯಿಂದ ಗುಡಿಸಬೇಕೆಂದು ಇಬ್ಬರಿಗೂ ಜಗಳ ಹತ್ತಿತು, ಒಬ್ಬರು ಡಚ್ಚಿನಲ್ಲಿ, ಒಬ್ಬರು ಜರ್ಮನ್ನಿನಲ್ಲಿ. ನನಗೆ ಮಾಡಲು ಏನೂ ಇರಲಿಲ್ಲ. ಅತ್ತೆ ಒಳಗೆ ಹೋಗಿ ಚಹಾ ಮಾಡಿ ತಂದಳು. ಹೈಕೆ ಉಡುಗೊರೆಯಾಗಿ ತಂದಿದ್ದ, ನಾನು ಕಪಾಟಿನ ತುತ್ತತುದಿಗೆ ಸೇರಿಸಿಟ್ಟಿದ್ದ, ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಪಿಂಗಾಣಿ ಕಪ್ಪನ್ನೇ ಹುಡುಕಿ ತೆಗೆದಿದ್ದಳು. ಬಸಿ ಇರಲಿಲ್ಲ. ಎರಡೂ ಕೈ ಚಾಚಿದೆ.

"ಒಂದ ಕೈಲೆ ಹಿಡಿ" ಎಂದಳು ಅತ್ತೆ.

ಹಿಡಿದೆ. ಇನ್ನೊಂದು ಕೈಯನ್ನು ಸೆರಗಿನ ಮರೆಯಲ್ಲಿ, ಕಪ್ಪಿನ ಸರಿಯಾಗಿ ಕೆಳಗೆ, ಅಂಗೈ ಬಿಚ್ಚಿ ಸಿದ್ಧವಾಗಿಟ್ಟುಕೊಂಡೆ.